ಸಂಪಿಗೆ ರಸ್ತೆಯ ನೆನಪುಗಳನ್ನು ನಕ್ಷೆಗೆ ಇಳಿಸುವ ಬಗೆ

ಬೆಂಗಳೂರಿನ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ದಾರಿ ಕೇಳಿದರೆ, ಹೇಳುವವರ ಬಾಯಲ್ಲಿ ಬರುವ ಎಷ್ಟೋ ಗುರುತುಗಳು ಈಗ ಅಲ್ಲಿಲ್ಲ. ‘ಸ್ವಸ್ತಿಕ್ ಹತ್ರ ಇಳ್ಕೊಳಿ’ ಎನ್ನುತ್ತಾರೆ. ಸ್ವಸ್ತಿಕ್ ಟಾಕೀಸ್ ಹೋಗಿ ವರ್ಷಗಳಾದವು. ‘ರಾಜಾ ಮಿಲ್ ಇತ್ತಲ್ಲ, ಅಲ್ಲಿ’ ಎನ್ನುತ್ತಾರೆ. ಆ ಬಟ್ಟೆ ಗಿರಣಿಯ ಜಾಗದಲ್ಲಿ 2010ರಿಂದ ಮಂತ್ರಿ ಸ್ಕ್ವೇರ್ ಮಾಲ್ ನಿಂತಿದೆ. ಪಕ್ಕದ ಮಾರ್ಗೋಸಾ ರಸ್ತೆಯ ಏಳನೇ ಕ್ರಾಸ್ ಮೂಲೆಯ ಹೋಟೆಲಿನ ಹೆಸರು ಶ್ರೀ ಸಾಗರ್. ಆದರೆ ಬೆಣ್ಣೆ ಮಸಾಲೆ ತಿನ್ನಲು ಹೋಗುವವರಿಗೆ ಅದು ಇಂದಿಗೂ ಸಿಟಿಆರ್, ಅಂದರೆ ಸೆಂಟ್ರಲ್ ಟಿಫಿನ್ ರೂಮ್.

ಇಂಥ ರಸ್ತೆಯ ನೆನಪುಗಳನ್ನು ದಾಖಲಿಸಬೇಕೆಂಬ ಆಸೆ ಈಗ ಅನೇಕರಿಗಿದೆ: ಬಡಾವಣೆಯ ಸಂಘಗಳು, ಶಾಲಾ ಮಕ್ಕಳ ಪ್ರಾಜೆಕ್ಟುಗಳು, ವಿದೇಶದಲ್ಲಿ ಕುಳಿತು ಅಪ್ಪ ಅಮ್ಮನಿಂದ ಹಳೆಯ ಸಂಗತಿ ಕೇಳಿ ಬರೆದಿಡುವ ಮಕ್ಕಳು. ಕೆಲಸ ಶುರುವಾದ ತಿಂಗಳೊಳಗೆ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಒಬ್ಬ ಹಿರಿಯರು ಒಂದು ಅಂಗಡಿ 1968ರಲ್ಲಿ ಬಂತು ಎನ್ನುತ್ತಾರೆ, ಇನ್ನೊಬ್ಬರು 1975 ಎನ್ನುತ್ತಾರೆ. ಇಬ್ಬರೂ ಪ್ರಾಮಾಣಿಕರು, ಇಬ್ಬರಿಗೂ ಖಚಿತ ನೆನಪು. ಆಗ ಯಾರನ್ನು ನಂಬಬೇಕು?

ಇಲ್ಲಿ ಹಿಡಿಯಬೇಕಾದ ಸೂತ್ರ ಒಂದೇ. ನೆನಪಿಗೆ ಜಾಗ ಗೊತ್ತಿರುತ್ತದೆ, ಸಾಲು ಗೊತ್ತಿರುತ್ತದೆ, ಇಸವಿ ಗೊತ್ತಿರುವುದಿಲ್ಲ. ಯಾವುದರ ಪಕ್ಕ ಯಾವುದಿತ್ತು, ಯಾವುದು ಹೋದ ಮೇಲೆ ಯಾವುದು ಬಂತು ಎಂಬುದನ್ನು ಜನರಿಂದಲೇ ಪಡೆಯಬೇಕು. ಕಾಗದದಲ್ಲಿ ಅದು ಸಿಗುವುದೇ ಅಪರೂಪ. ಇಸವಿಯನ್ನು ಮಾತ್ರ ಕಾಗದ, ಫೋಟೊ, ಕಟ್ಟಡಗಳಿಂದ ಪಡೆಯಬೇಕು. ಜನರಿಂದ ಇಸವಿಯನ್ನೂ ಕಾಗದದಿಂದ ಜಾಗವನ್ನೂ ಕೇಳಲು ಹೊರಟಾಗಲೇ ದಾಖಲೆ ಕೆಡುವುದು.

ಮೊದಲು ರಸ್ತೆಯ ಎಲುಬು

ನೆನಪುಗಳನ್ನು ತೂಗುಹಾಕಲು ಅಲುಗಾಡದ ಗೂಟಗಳು ಬೇಕು. ಸಂಪಿಗೆ ರಸ್ತೆಗೆ ಅಂಥವು ಕೆಲವಿವೆ. ಅತಿ ಹಳೆಯದು ಕಾಡು ಮಲ್ಲೇಶ್ವರ ದೇವಸ್ಥಾನ. ಶಿವಾಜಿಯ ಮಲತಮ್ಮ ಏಕೋಜಿ (ವೆಂಕೋಜಿ) ಮೇದರನಿಂಗನಹಳ್ಳಿ ಗ್ರಾಮವನ್ನು ಮಲ್ಲಿಕಾರ್ಜುನ ದೇವರಿಗೆ ಬಿಟ್ಟುಕೊಟ್ಟ 1669ರ ಶಾಸನ ಅಲ್ಲಿದೆ. ಅಂದರೆ ಬಡಾವಣೆಗಿಂತ ಎರಡು ಶತಮಾನಕ್ಕೂ ಮೊದಲೇ ಇಲ್ಲಿ ಹಳ್ಳಿಯಿತ್ತು, ದೇವರಿತ್ತು. ದೇವಸ್ಥಾನದ ಎದುರಿಗಿರುವ ದಕ್ಷಿಣಮುಖ ನಂದಿ ತೀರ್ಥ ಕಲ್ಯಾಣಿ ಮಣ್ಣಿನಡಿಯಿಂದ ಹೊರಬಂದದ್ದು ಮಾತ್ರ 1990ರ ದಶಕದ ಕೊನೆಯಲ್ಲಿ. ಹೀಗಾಗಿ 1960ರ ಬಾಲ್ಯದ ನೆನಪಿನಲ್ಲಿ ಕಾಡು ಮಲ್ಲೇಶ್ವರ ಇರಬಹುದು, ನಂದಿ ತೀರ್ಥ ಇರಲಾರದು. ಯಾರಾದರೂ ಆ ಕಾಲದಲ್ಲೇ ಕಲ್ಯಾಣಿ ನೋಡಿದೆವು ಎಂದರೆ, ನಂತರದ ಭೇಟಿಯೊಂದು ಹಿಂದಕ್ಕೆ ಜಾರಿ ಸೇರಿಕೊಂಡಿದೆ ಎಂದೇ ಅರ್ಥ.

ಎರಡನೆಯ ಗೂಟ 1898ರ ಪ್ಲೇಗ್. ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಂದಾಗ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತುಂಬತೊಡಗಿದವು. ನೇರ ರಸ್ತೆಗಳು, ಅವನ್ನು ಅಡ್ಡ ಕತ್ತರಿಸುವ ಎಣಿಕೆಯ ಕ್ರಾಸ್‌ಗಳು, ಮನೆಗಳ ನಡುವೆ ಗಾಳಿ ಬೆಳಕು: ಇವೆಲ್ಲ ಆ ಕಾಲದ ಆರೋಗ್ಯ ಚಿಂತನೆಯ ಫಲ. ಈ ಕ್ರಾಸ್‌ಗಳೇ ನಮ್ಮ ಕೆಲಸಕ್ಕೆ ದೊಡ್ಡ ಆಸರೆ. ಅಂಗಡಿಯ ಹೆಸರು ಬದಲಾಗುತ್ತದೆ, ಮನೆ ಸಂಖ್ಯೆ ಬದಲಾಗುತ್ತದೆ, ಆದರೆ ಎಂಟನೇ ಕ್ರಾಸ್ ಎಂಟನೇ ಕ್ರಾಸ್ ಆಗಿಯೇ ಉಳಿದಿದೆ.

ಮೂರನೆಯದು ಮೆಟ್ರೊ. ಪೀಣ್ಯ ಕಡೆಯ ಮಾರ್ಗದ ಕೊನೆಯಾಗಿ ಸಂಪಿಗೆ ರಸ್ತೆ ನಿಲ್ದಾಣ 2014ರ ಮಾರ್ಚ್ 1ರಂದು ತೆರೆಯಿತು. ಮೆಜೆಸ್ಟಿಕ್ ಕಡೆಯ ಸುರಂಗ ಸೇರಿಕೊಂಡದ್ದು 2017ರ ಜೂನ್‌ನಲ್ಲಿ. ಆ ನಡುವಿನ ಮೂರು ವರ್ಷ ಇದೇ ಕೊನೆಯ ನಿಲ್ದಾಣವಾಗಿತ್ತು. ‘ಮೆಟ್ರೊ ಇಳಿದು ಮೆಜೆಸ್ಟಿಕ್‌ಗೆ ಬಸ್ ಹಿಡೀತಿದ್ವಿ’ ಎಂದು ಯಾರಾದರೂ ಹೇಳಿದರೆ ಆ ನೆನಪು ಯಾವ ಅವಧಿಯದು ಎಂದು ಅಲ್ಲಿಯೇ ತಿಳಿಯುತ್ತದೆ. ನಿಲ್ದಾಣದ ಹೆಸರಿಗೆ ಮಾಲ್‌ನ ಹೆಸರು ಸೇರಿಕೊಂಡದ್ದು ಆಮೇಲೆ.

ಗುರುತುಗಳಲ್ಲಿ ಮೂರು ಬಗೆ

ಪಟ್ಟಿ ಮಾಡುವಾಗ ಪ್ರತಿ ಗುರುತಿನ ಮುಂದೆ ಅದು ಯಾವ ಬಗೆಯದೆಂದು ಬರೆದುಕೊಳ್ಳಬೇಕು. ಒಂದು, ಇದ್ದ ಜಾಗದಲ್ಲೇ ಇರುವುದು. ಎಂಟನೇ ಕ್ರಾಸಿನ ಜನತಾ ಹೋಟೆಲ್, ಮಾರ್ಗೋಸಾ ರಸ್ತೆ ಹದಿನೈದನೇ ಕ್ರಾಸಿನ ವೀಣಾ ಸ್ಟೋರ್ಸ್ ಇಂಥವು. ಎರಡು, ಸ್ವಸ್ತಿಕ್‌ನಂತೆ ಕಟ್ಟಡ ಹೋಗಿ ಹೆಸರು ಉಳಿದಿರುವುದು. ಮೂರನೆಯದೇ ಹೆಚ್ಚು ಕಾಟ ಕೊಡುವುದು: ಹೆಸರು ಜಾಗ ಬದಲಿಸಿರುವುದು. ಅಣ್ಣ ತಮ್ಮಂದಿರು ಪಾಲಾದಾಗ ಒಂದೇ ಹೆಸರಿನ ಎರಡು ಅಂಗಡಿಗಳಾಗುತ್ತವೆ. ಬಾಡಿಗೆ ಏರಿದಾಗ ಅಂಗಡಿ ನಾಲ್ಕು ಕ್ರಾಸ್ ಆಚೆ ಹೋಗುತ್ತದೆ, ಬೋರ್ಡನ್ನೂ ಜೊತೆಗೆ ಒಯ್ಯುತ್ತದೆ. ಆಗ ಇಬ್ಬರು ಹಿರಿಯರು ಒಂದೇ ಅಂಗಡಿಯನ್ನು ಎರಡು ಕಡೆ ತೋರಿಸುತ್ತಾರೆ. ಇಬ್ಬರೂ ಸರಿಯಾಗಿಯೇ ಹೇಳುತ್ತಿರುತ್ತಾರೆ, ಬೇರೆ ಬೇರೆ ಕಾಲದ್ದನ್ನು. ಇಂಥ ಕಡೆ ತೀರ್ಪು ಕೊಡಲು ಹೋಗದೆ ಎರಡು ದಾಖಲೆ ಮಾಡಿ, ನಡುವೆ ‘ಸ್ಥಳಾಂತರವೇ?’ ಎಂದು ಬರೆದಿಟ್ಟರೆ ಮೂರನೆಯವರು ಬಂದಾಗ ಅದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಕಟ್ಟಡ ಬೇರೆ, ಅದರೊಳಗಿನ ವ್ಯಾಪಾರ ಬೇರೆ ಎಂಬುದನ್ನೂ ಮೊದಲಿಂದಲೇ ಬೇರ್ಪಡಿಸಿ. ಒಂದು ಕಟ್ಟಡದಲ್ಲಿ ಎಂಬತ್ತು ವರ್ಷದಲ್ಲಿ ಗ್ರಂಥಿಗೆ ಅಂಗಡಿ, ಕ್ಯಾಸೆಟ್ ಅಂಗಡಿ, ಸೈಬರ್ ಕೆಫೆ, ಮೊಬೈಲ್ ಅಂಗಡಿ ಎಲ್ಲವೂ ಬಂದು ಹೋಗಬಹುದು. ಒಂದೇ ಸಾಲಿನಲ್ಲಿ ಎರಡನ್ನೂ ಬರೆದರೆ ಆಮೇಲೆ ಬಿಡಿಸಲಾಗುವುದಿಲ್ಲ.

ಕೇಳುವ ರೀತಿ

ಮನೆಯ ಸೋಫಾದ ಮೇಲೆ ಕುಳಿತು ‘ಹಳೇ ಮಲ್ಲೇಶ್ವರದ ಬಗ್ಗೆ ಹೇಳಿ’ ಎಂದರೆ ಪ್ರತಿಯೊಬ್ಬರೂ ಅದೇ ನಾಲ್ಕು ಮಾತು ಹೇಳುತ್ತಾರೆ: ಮರಗಳಿದ್ದವು, ತಂಪಿತ್ತು, ಗಾಡಿಗಳಿರಲಿಲ್ಲ, ಎಲ್ಲರೂ ಎಲ್ಲರಿಗೂ ಗೊತ್ತಿದ್ದರು. ಅದು ನಿಜವೇ, ಆದರೆ ನಕ್ಷೆಗೆ ಬರುವುದಿಲ್ಲ. ಅವರನ್ನು ರಸ್ತೆಗೇ ಕರೆದುಕೊಂಡು ಹೋಗಬೇಕು. ಬೆಳಗ್ಗೆ ಏಳರಿಂದ ಎಂಟೂವರೆಯೊಳಗೆ, ಅಂಗಡಿಗಳ ಶಟರ್ ಇನ್ನೂ ಮುಚ್ಚಿರುವಾಗ ಹೋದರೆ ಕಟ್ಟಡದ ಮುಖ ಕಾಣುತ್ತದೆ, ಮಾತೂ ಕೇಳುತ್ತದೆ. ಒಂದು ಸಲಕ್ಕೆ ಎರಡು ಮೂರು ಕ್ರಾಸ್ ಸಾಕು. ಹಿರಿಯರಿಗೆ ಫುಟ್‌ಪಾತಿನ ಚಪ್ಪಡಿಗಳ ಮೇಲೆ ಅದಕ್ಕಿಂತ ಹೆಚ್ಚು ನಡಿಗೆ ಕಷ್ಟ. ನಡೆಯಲಾಗದವರಿಗೆ ಪ್ರತಿ ಕಟ್ಟಡದ ಈಗಿನ ಫೋಟೊಗಳನ್ನು ಸಾಲಾಗಿ ಅಂಟಿಸಿ ಮುಂದಿಡಿ.

ನಡೆಯುವಾಗ ದಿನನಿತ್ಯದ ದಾರಿಯೊಂದನ್ನು ಹಿಡಿಸಿ: ಮನೆಯಿಂದ ಶಾಲೆಗೆ, ಹಾಲಿನ ಬೂತಿಗೆ, ದೇವಸ್ಥಾನಕ್ಕೆ. ಸಾವಿರ ಸಲ ನಡೆದ ದಾರಿಯ ಸಾಲು ಕಾಲಿಗೇ ಗೊತ್ತಿರುತ್ತದೆ. ‘ಇದಾದ ಮೇಲೆ ಏನಿತ್ತು? ಮೂಲೆಯಲ್ಲಾ, ಮೂಲೆಯಿಂದ ಎರಡನೆಯದಾ? ಮೆಟ್ಟಿಲು ಹತ್ತಬೇಕಿತ್ತಾ?’ ಎಂಬಂಥ ಚಿಕ್ಕ ಪ್ರಶ್ನೆಗಳೇ ಹೆಚ್ಚು ಕೆಲಸ ಮಾಡುತ್ತವೆ. ವಾಸನೆ, ಸದ್ದುಗಳನ್ನು ತಪ್ಪದೆ ಕೇಳಿ. ಕಾಫಿ ಪುಡಿ ಹುರಿಯುವ ವಾಸನೆ ಎಲ್ಲಿಂದ ಶುರುವಾಗುತ್ತಿತ್ತು, ಹಿಟ್ಟಿನ ಗಿರಣಿಯ ಸದ್ದು ಯಾವ ಕಡೆಯಿಂದ ಬರುತ್ತಿತ್ತು ಎಂಬುದಕ್ಕೆ ಜನ ಕೊಡುವ ಉತ್ತರ, ಹೆಸರು ಮರೆತ ಅಂಗಡಿಗಳನ್ನು ಜಾಗಕ್ಕೆ ತಂದು ಕೂರಿಸುತ್ತದೆ.

ಇಸವಿಯನ್ನು ನೇರವಾಗಿ ಕೇಳಬೇಡಿ. ಕೇಳಿದರೆ 1970, 1980 ಎಂಬ ಗುಂಡು ಅಂಕಿಗಳೇ ಬರುತ್ತವೆ. ಅಲ್ಲದೆ ಬಹಳ ಹಿಂದೆ ನಡೆದದ್ದು ನೆನಪಿನಲ್ಲಿ ಹತ್ತಿರಕ್ಕೆ ಸರಿದು ಬರುತ್ತದೆ. ಇಪ್ಪತ್ತೈದು ವರ್ಷದ ಹಿಂದಿನದು ‘ಈಗೊಂದು ಹದಿನೈದು ವರ್ಷ ಆಯ್ತು’ ಆಗುತ್ತದೆ. ಇದು ಎಲ್ಲರ ನೆನಪಿನ ಗುಣ. ಹತ್ತರಿಂದ ಮೂವತ್ತರ ವಯಸ್ಸಿನೊಳಗಿನ ನೆನಪುಗಳು ಉಳಿದವಕ್ಕಿಂತ ದಟ್ಟವಾಗಿರುತ್ತವೆ ಎಂಬುದೂ ತಿಳಿದಿರಲಿ. 1950ರಲ್ಲಿ ಹುಟ್ಟಿದವರಿಂದ 1960–80ರ ರಸ್ತೆ ಚೆನ್ನಾಗಿ ಸಿಗುತ್ತದೆ, 1995ರದ್ದು ಮಸುಕು. 1995ಕ್ಕೆ 1980ರಲ್ಲಿ ಹುಟ್ಟಿದವರನ್ನು ಹುಡುಕಿ. ಹಿರಿಯರನ್ನು ಮಾತ್ರ ಕೇಳಿ ಮುಗಿಸುವ ದಾಖಲೆಗಳಲ್ಲಿ 1990ರ ದಶಕವೇ ಖಾಲಿ ಉಳಿಯುತ್ತದೆ, ಮತ್ತು ಸಂಪಿಗೆ ರಸ್ತೆ ವಾಸದ ರಸ್ತೆಯಿಂದ ವ್ಯಾಪಾರದ ರಸ್ತೆಯಾಗಿ ಪೂರ್ತಿ ಹೊರಳಿದ ಕಥೆಗೆ ಆ ದಶಕ ಬೇಕೇ ಬೇಕು.

ಇಸವಿಯ ಬದಲಿಗೆ ಮನೆಯ ಘಟನೆ, ಊರಿನ ಘಟನೆ ಎರಡಕ್ಕೂ ಕಟ್ಟಬೇಕು. ‘ಅಮ್ಮಾ, ಆಗ ನೀವು ಯಾವ ಕ್ಲಾಸಲ್ಲಿದ್ರಿ? ಮದುವೆಗೆ ಮುಂಚೆನೋ ಆಮೇಲೋ? ದೊಡ್ಡ ಮಗ ಹುಟ್ಟಿದ್ನಾ?’ ಊರಿನ ಘಟನೆಗಳಲ್ಲಿ ಬೆಂಗಳೂರಿನವರಿಗೆ ಚೆನ್ನಾಗಿ ಒದಗುವವು: 1975ರ ಜೂನ್‌ನ ತುರ್ತು ಪರಿಸ್ಥಿತಿ, ಮಧ್ಯಾಹ್ನ ಬೀದಿಗಳು ಖಾಲಿಯಾದ 1980ರ ಫೆಬ್ರವರಿ 16ರ ಸೂರ್ಯಗ್ರಹಣ, 1982ರ ಗೋಕಾಕ್ ಚಳವಳಿ, ಇಂದಿರಾ ಗಾಂಧಿ ಹತ್ಯೆಯಾದ 1984ರ ಅಕ್ಟೋಬರ್ 31, 1991ರ ಡಿಸೆಂಬರ್‌ನ ಕಾವೇರಿ ಗಲಭೆ, 2000ದ ಜುಲೈ 30ರಿಂದ ನವೆಂಬರ್‌ವರೆಗಿನ ರಾಜ್‌ಕುಮಾರ್ ಅಪಹರಣದ ದಿನಗಳು, 2006ರ ಏಪ್ರಿಲ್‌ನಲ್ಲಿ ಅವರ ನಿಧನ. ‘ಅಣ್ಣಾವ್ರನ್ನ ಕಿಡ್ನಾಪ್ ಮಾಡಿದಾಗ ಆ ಅಂಗಡಿ ಶಟರ್ ಎಳೆದದ್ದು ನೋಡಿದ್ದೀನಿ’ ಎಂಬ ಒಂದು ವಾಕ್ಯ ಹತ್ತು ಅಂದಾಜಿಗಿಂತ ಮೇಲು. ಅದು ಆ ಅಂಗಡಿ 2000ದಲ್ಲಿ ಇತ್ತು ಎಂದಷ್ಟೇ ಹೇಳುತ್ತದೆ, ಅಷ್ಟನ್ನೇ ಬರೆಯಿರಿ.

ಪಟ್ಟಿ ನಕ್ಷೆ

ಮೊಬೈಲ್ ನಕ್ಷೆಯಲ್ಲಿ ಗುಂಡುಸೂಜಿ ಚುಚ್ಚುತ್ತ ಹೋಗುವುದು ಸುಲಭವಾಗಿ ಕಾಣುತ್ತದೆ. ಆದರೆ ಎರಡೂ ಕಡೆ ಕಟ್ಟಡಗಳಿರುವ ರಸ್ತೆಯಲ್ಲಿ ಫೋನಿನ ಜಿಪಿಎಸ್ ಐದರಿಂದ ಹತ್ತು ಮೀಟರ್ ಆಚೀಚೆ ತೋರಿಸುವುದು ಸಾಮಾನ್ಯ. ಹತ್ತು ಅಡಿ ಅಗಲದ ಅಂಗಡಿ ಎಂದರೆ ಮೂರು ಮೀಟರ್. ಸೂಜಿ ಮೂರು ಅಂಗಡಿ ಆಚೆಗೆ ಬೀಳಬಹುದು, ರಸ್ತೆಯ ಎದುರು ಬದಿಗೂ ಹೋಗಬಹುದು. ಆದ್ದರಿಂದ ಜಾಗವನ್ನು ‘ಇಂಥ ಕ್ರಾಸ್, ಇಂಥ ಬದಿ, ಮೂಲೆಯಿಂದ ಇಷ್ಟನೆಯದು’ ಎಂದೇ ಬರೆಯಬೇಕು. ನಂತರ ಬೇಕಾದರೆ ಸೂಜಿ ಚುಚ್ಚಬಹುದು.

ಎರಡು ಕ್ರಾಸ್‌ಗಳ ನಡುವಿನ ಒಂದು ತುಂಡಿಗೆ ಒಂದು ಎ3 ಹಾಳೆ ಇಡಿ. 1:250 ಅಳತೆಯಲ್ಲಿ ನೂರು ಮೀಟರಿನ ತುಂಡು ನಲವತ್ತು ಸೆಂಟಿಮೀಟರ್ ಆಗುತ್ತದೆ, ಹಾಳೆಯ ಉದ್ದ ನಲವತ್ತೆರಡು, ಸರಿಯಾಗಿ ಕೂರುತ್ತದೆ. ಹತ್ತು ಅಡಿಯ ಅಂಗಡಿಗೆ ಒಂದು ಕಾಲು ಸೆಂಟಿಮೀಟರಿನಷ್ಟು ಜಾಗ ಸಿಗುತ್ತದೆ, ಹೆಸರು ಬರೆಯಲು ಸಾಕು. ಹಾಳೆಯ ನಡುವೆ ರಸ್ತೆ, ಮೇಲೆ ಒಂದು ಬದಿ, ಕೆಳಗೆ ಇನ್ನೊಂದು ಬದಿ. ಮೊದಲು ಇಂದಿನ ಸ್ಥಿತಿಯನ್ನು ಅಳತೆ ಟೇಪು ಹಿಡಿದು ಬರೆಯಿರಿ. ಅದರ ಮೇಲೆ ಟ್ರೇಸಿಂಗ್ ಕಾಗದ ಇಟ್ಟು ಒಂದೊಂದು ದಶಕಕ್ಕೆ ಒಂದೊಂದು ಪದರ ಮಾಡಿ. ಇಂದಿನಿಂದ ಹಿಂದಕ್ಕೆ ಹೋಗುವುದು ಮುಖ್ಯ. 1920ರಿಂದ ಮುಂದಕ್ಕೆ ಬರಲು ಹೊರಟವರು ಖಾಲಿ ಹಾಳೆಯ ಎದುರು ಕುಳಿತುಬಿಡುತ್ತಾರೆ.

ನಿವೇಶನಗಳು ಒಡೆದಿರುವುದು ಈ ಪದರಗಳಲ್ಲಿ ಎದ್ದು ಕಾಣುತ್ತದೆ. ಮುಂದೆ ತೋಟ, ಗೇಟು, ಒಳಗೆ ಮನೆ ಇದ್ದ ಒಂದು ನಿವೇಶನದ ಮುಂಭಾಗದಲ್ಲಿ ಮೊದಲು ಸಾಲು ಮಳಿಗೆಗಳು ಬರುತ್ತವೆ, ಹಿಂದೆ ಮನೆ ಹಾಗೆಯೇ ಇರುತ್ತದೆ, ಕೊನೆಗೆ ಎಲ್ಲವನ್ನೂ ಕೆಡವಿ ಕಾಂಪ್ಲೆಕ್ಸ್ ಏಳುತ್ತದೆ. ಈಗಲೂ ಕೆಲವು ಮಳಿಗೆಗಳ ನಡುವಿನ ಮೂರಡಿ ಓಣಿಯಲ್ಲಿ ಇಣುಕಿದರೆ ಹಿಂದೆ ಹಂಚಿನ ಮಾಡು ಕಾಣಿಸಬಹುದು. ಆ ಓಣಿಗಳನ್ನು ತಪ್ಪದೆ ನಕ್ಷೆಯಲ್ಲಿ ಗುರುತಿಸಿ.

ಸಂಪಿಗೆ ರಸ್ತೆ ಈಗ ಏಕಮುಖ. ಅದು ದ್ವಿಮುಖವಾಗಿದ್ದ ಕಾಲದ ಬಸ್ ಸ್ಟಾಪುಗಳನ್ನು ಹಿರಿಯರು ಎರಡೂ ಬದಿಯಲ್ಲಿ ತೋರಿಸುತ್ತಾರೆ. ಅದನ್ನು ಗೊಂದಲವೆಂದು ಹೊಡೆದುಹಾಕಬೇಡಿ.

ಕಾಗದ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಆಸ್ತಿಯ ಕಾಗದಗಳಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಭಾಗ ಕ್ರಯಪತ್ರದ ಕೊನೆಯಲ್ಲಿರುವ ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಸಂಪಿಗೆ ರಸ್ತೆ, ಉತ್ತರಕ್ಕೆ ಕನ್ಸರ್ವೆನ್ಸಿ ಓಣಿ (ಮನೆಗಳ ಹಿಂದಿನ ಸಫಾಯಿ ಓಣಿ) ಎಂದು ನಾಲ್ಕು ದಿಕ್ಕನ್ನೂ ಹೇಳುವ ಆ ನಾಲ್ಕು ಸಾಲು, ನೋಂದಣಿಯ ದಿನ ಪಕ್ಕದಲ್ಲಿ ಏನಿತ್ತು ಎಂಬುದಕ್ಕೆ ಸಾಕ್ಷಿ. ಒಂದು ಎಚ್ಚರ ಬೇಕು: ಹೊಸ ಪತ್ರ ಬರೆಯುವಾಗ ಹಳೆಯ ಪತ್ರದ ಚಕ್ಕುಬಂದಿಯನ್ನು ಹಾಗೆಯೇ ನಕಲು ಮಾಡುವ ರೂಢಿಯಿದೆ. 1985ರ ಪತ್ರದಲ್ಲಿ ಬರುವ ಪಕ್ಕದ ಮನೆಯವರ ಹೆಸರು 1940ರದ್ದಾಗಿರಬಹುದು. ಎರಡು ಪತ್ರಗಳಲ್ಲಿ ಚಕ್ಕುಬಂದಿ ಬದಲಾಗಿದ್ದರೆ ಮಾತ್ರ ನಡುವೆ ಏನೋ ನಡೆದಿದೆ ಎಂದು ನಂಬಬಹುದು.

ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, 2004ರ ಏಪ್ರಿಲ್ 1ರಿಂದ ಈಚಿನ ವ್ಯವಹಾರಗಳಿಗೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯ ಪುಸ್ತಕಗಳನ್ನು ಹುಡುಕಿಸಬೇಕು. ಇಲ್ಲಿ ಅನೇಕರು ನಿರಾಶರಾಗುತ್ತಾರೆ: ಇಸಿ ತೆಗೆಸಿದರೂ ಅಂಗಡಿಯ ಸುಳಿವೇ ಇರುವುದಿಲ್ಲ. ಕಾರಣ ಸರಳ. ಒಂದು ವರ್ಷ ಮೀರದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕೆಂಬ ಕಡ್ಡಾಯವಿಲ್ಲ, ಆದ್ದರಿಂದ ಹನ್ನೊಂದು ತಿಂಗಳ ಕರಾರುಗಳೇ ಹೆಚ್ಚು. ಬಾಡಿಗೆ ಅಂಗಡಿ ನಲವತ್ತು ವರ್ಷ ನಡೆದರೂ ಇಸಿಯಲ್ಲಿ ಅದರ ನೆರಳೂ ಬೀಳುವುದಿಲ್ಲ. ಇಸಿ ಮಾಲೀಕರ ಕಥೆ, ಅಂಗಡಿಯ ಕಥೆಯಲ್ಲ.

ಅಂಗಡಿಗೆ ಹತ್ತಿರದ ಕಾಗದ ಅಂಗಡಿಯ ಗೋಡೆಯ ಮೇಲೆಯೇ ಇರುತ್ತದೆ. ಗಲ್ಲಾಪೆಟ್ಟಿಗೆಯ ಹಿಂದೆ, ದೇವರ ಪಟಗಳ ಪಕ್ಕ, ಕಟ್ಟು ಹಾಕಿದ ನೋಂದಣಿ ಪತ್ರ ನೋಡಿ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಹಾಗಾಗಿ ಅದಕ್ಕಿಂತ ಹಳೆಯ ಅಂಗಡಿಯ ಪತ್ರದಲ್ಲೂ 1961ರ ಈಚಿನ ತಾರೀಖೇ ಇರುತ್ತದೆ. ಅದನ್ನು ಅಂಗಡಿ ಶುರುವಾದ ವರ್ಷವೆಂದು ಬರೆಯಬಾರದು. ಬೋರ್ಡಿನ ಮೇಲಿನ ‘ಸ್ಥಾಪನೆ’ ವರ್ಷವೂ ಹಾಗೆಯೇ. ಅದು ಅಜ್ಜ ಬೇರೊಂದು ಊರಿನಲ್ಲಿ ಶುರು ಮಾಡಿದ ವರ್ಷವಾಗಿರಬಹುದು. ಈ ರಸ್ತೆಗೆ ಯಾವಾಗ ಬಂದಿರಿ ಎಂದು ಬೇರೆಯಾಗಿ ಕೇಳಬೇಕು. 2024ರಲ್ಲಿ ನಾಮಫಲಕಗಳಲ್ಲಿ ಶೇ 60 ಕನ್ನಡ ಕಡ್ಡಾಯವಾದಾಗ ಅನೇಕ ಹಳೆಯ ಬೋರ್ಡುಗಳು ಬದಲಾದವು. ಹೊಸ ಬೋರ್ಡು ಕಂಡ ಮಾತ್ರಕ್ಕೆ ಅಂಗಡಿ ಹೊಸದಲ್ಲ.

ಮನೆಗಳ ಟ್ರಂಕಿನಲ್ಲಿ ಉಳಿದ ಬಿಲ್ಲು, ಲಗ್ನಪತ್ರಿಕೆ, ಕೈಚೀಲ, ಪಂಚಾಂಗದ ಜಾಹೀರಾತುಗಳಿಗೆ ತಾರೀಖು ಇಲ್ಲದಿದ್ದರೂ ಕಾಲ ಕಟ್ಟಬಹುದು. ಬೆಲೆ ಆಣೆಯಲ್ಲಿದ್ದರೆ, ರೂಪಾಯಿಗೆ ನೂರು ಪೈಸೆಯ ಲೆಕ್ಕ ಬಂದ 1957ರ ಏಪ್ರಿಲ್‌ಗೂ ಹಿಂದಿನದು ಎಂದು ಹಿಡಿಯಬಹುದು, ಆಮೇಲೆಯೂ ಕೆಲಕಾಲ ಆಣೆ ಬಳಕೆಯಲ್ಲಿತ್ತು ಎಂಬುದನ್ನು ಮರೆಯದೆ. ‘ನ.ಪೈ.’ (ನಯಾ ಪೈಸೆ) ಎಂದಿದ್ದರೆ 1957ರಿಂದ 1964ರ ನಡುವಿನದು, ಏಕೆಂದರೆ 1964ರ ಜೂನ್‌ನಲ್ಲಿ ‘ನಯಾ’ ಬಿಟ್ಟುಹೋಯಿತು. 12, 19, 37 ಪೈಸೆಯಂಥ ಬೆಲೆಗಳು ಕಂಡರೆ ಖುಷಿಪಡಿ: ಅವು ಎರಡು, ಮೂರು, ಆರು ಆಣೆಗಳ ನೇರ ಪರಿವರ್ತನೆ, ಬದಲಾವಣೆಯ ಹೊಸತರದ್ದು. ವಿಳಾಸದಲ್ಲಿ 560003 ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಪಿನ್‌ಕೋಡ್ ಬಂದದ್ದೇ ಆಗ. ಬರೀ ‘ಬೆಂಗಳೂರು-3’ ಎಂದಿದ್ದರೆ ಅದಕ್ಕೂ ಹಿಂದಿನದಿರಬಹುದು, ಆದರೆ ರೂಢಿಯಿಂದ ಆಮೇಲೂ ಬರೆಯುತ್ತಿದ್ದರು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಮೊದಲು ಅಚ್ಚಾದದ್ದು. ಎಂಟು ಅಂಕಿಯ ದೂರವಾಣಿ ಸಂಖ್ಯೆ ಸುಮಾರು 2002ರ ಈಚಿನದು, ಜಿಎಸ್‌ಟಿ ಸಂಖ್ಯೆ 2017ರ ಜುಲೈ ನಂತರದ್ದು.

ಇವು ಕೂಡಿ ಕೆಲಸ ಮಾಡುವುದು ಹೇಗೆಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಒಬ್ಬ ಅಜ್ಜಿ, ಒಂದು ಪಾತ್ರೆ ಅಂಗಡಿ ‘ನನ್ನ ಮದುವೆ ಆದ್ಮೇಲೆ, ಎರಡನೇ ಮಗ ಹುಟ್ಟೋಕೆ ಮುಂಚೆ’ ಬಂತು ಎನ್ನುತ್ತಾರೆ. ಮದುವೆ 1971, ಎರಡನೇ ಮಗ 1976. ಅದೇ ಅಂಗಡಿಯ ಒಂದು ಬಿಲ್ಲಿನಲ್ಲಿ 560003 ಎಂದೂ ‘ಮೈಸೂರು ರಾಜ್ಯ’ ಎಂದೂ ಎರಡೂ ಅಚ್ಚಾಗಿವೆ. ಅಂದರೆ ಬಿಲ್ ಪುಸ್ತಕ ಅಚ್ಚಾದದ್ದು 1972ರ ಆಗಸ್ಟ್ ಮತ್ತು 1973ರ ನವೆಂಬರ್ ನಡುವೆ. ಅಂಗಡಿ ಅಷ್ಟರೊಳಗೆ ಇದ್ದೇ ಇತ್ತು. ಅಜ್ಜಿಯ ಮಾತಿನಿಂದ ಕೆಳಗಿನ ಗಡಿ, ಬಿಲ್ಲಿನಿಂದ ಮೇಲಿನ ಗಡಿ: ದಾಖಲೆಯಲ್ಲಿ ‘1971–73’ ಎಂದು ಬರೆದು ಎರಡೂ ಆಧಾರವನ್ನು ಪಕ್ಕದಲ್ಲಿ ನಮೂದಿಸಿ. ಒಂದೇ ಇಸವಿ ಹಾಕಬೇಕೆಂಬ ಚಪಲ ಬೇಡ. ಅವಧಿ ಬರೆಯುವುದೇ ಹೆಚ್ಚು ಸತ್ಯ.

ಮನೆ ಸಂಖ್ಯೆಗಳನ್ನು ಹೋಲಿಸುವಾಗ ಹಳೆ ನಂಬರು, ಹೊಸ ನಂಬರು, ಪಿಐಡಿ (ಪಾಲಿಕೆ ಕೊಡುವ ಆಸ್ತಿ ಗುರುತಿನ ಸಂಖ್ಯೆ) ಮೂರೂ ಬೇರೆ ಎಂಬುದು ನೆನಪಿರಲಿ. ಪಿಐಡಿಯಲ್ಲಿ ವಾರ್ಡು, ಬೀದಿ, ನಿವೇಶನ ಎಂಬ ಮೂರು ಭಾಗಗಳಿವೆ. ವಾರ್ಡುಗಳ ಗಡಿ ಪದೇಪದೇ ಬದಲಾಗಿರುವುದರಿಂದ ಮೊದಲ ಭಾಗವನ್ನು ಇಂದಿನ ವಾರ್ಡಿಗೆ ತಾಳೆ ಹಾಕಬಾರದು. 2007ರಲ್ಲಿ ಬಿಬಿಎಂಪಿ ಆಯಿತು, 2025ರಲ್ಲಿ ಅದು ಹೋಗಿ ಐದು ನಗರ ಪಾಲಿಕೆಗಳಾದವು.

ಫೋಟೊ, ಹಂಚು, ತಾರಸಿ

ಹಳೆಯ ಫೋಟೊ ಸಿಕ್ಕಾಗ ಮೊದಲು ನೋಡಬೇಕಾದ್ದು ಅದು ಕನ್ನಡಿಯ ಬಿಂಬದಂತೆ ತಿರುಗಿದೆಯೇ ಎಂಬುದನ್ನು. ನೆಗೆಟಿವ್ ತಿರುವಿ ಹಾಕಿ ಪ್ರಿಂಟ್ ತೆಗೆದಿರುವುದುಂಟು. ಬೋರ್ಡಿನ ಅಕ್ಷರ ಓದಲು ಬಾರದಷ್ಟು ಚಿಕ್ಕದಿದ್ದರೆ ಬಸ್ಸಿನ ಬಾಗಿಲು ನೋಡಿ, ಅದು ಎಡಬದಿಯಲ್ಲಿರಬೇಕು. ಗಂಡಸರ ಅಂಗಿಯ ಜೇಬೂ ಎಡಕ್ಕೇ. ರಸ್ತೆ ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿ ಸಾಗುವುದರಿಂದ ಬೆಳಗಿನ ಬಿಸಿಲು ಪಶ್ಚಿಮ ಬದಿಯ ಅಂಗಡಿಗಳ ಮುಖದ ಮೇಲೆ ಬೀಳುತ್ತದೆ, ಸಂಜೆಯದು ಪೂರ್ವ ಬದಿಯ ಮೇಲೆ. ಶಟರ್ ಎತ್ತುತ್ತಿರುವ ದೃಶ್ಯದಲ್ಲಿ ಮುಖದ ಮೇಲೆ ಬಿಸಿಲಿದ್ದರೆ ಅದು ಪಶ್ಚಿಮ ಬದಿ. ಬಸ್ಸಿನ ಮೇಲೆ ಬಿಟಿಎಸ್ (ಈಗಿನ ಬಿಎಂಟಿಸಿಯ ಹಿಂದಿನ ಹೆಸರು) ಎಂದಿದ್ದರೆ 1997ರ ಆಗಸ್ಟ್‌ಗಿಂತ ಹಿಂದಿನದು. ವಾಹನದ ಸಂಖ್ಯೆ ಕೆಎ-04 ಎಂದು ಶುರುವಾದರೆ ಹೊಸ ಮೋಟಾರು ವಾಹನ ಕಾಯ್ದೆ ಜಾರಿಯಾದ 1989ರ ನಂತರದ್ದು.

ಅದೇ ಜಾಗದಿಂದ ಈಗಿನ ಫೋಟೊ ತೆಗೆಯಲು ಎರಡು ಗುರುತುಗಳನ್ನು ಹಿಡಿಯಿರಿ: ಹತ್ತಿರದ ಒಂದು ಮೂಲೆ, ದೂರದ ಒಂದು ಗೋಪುರ ಅಥವಾ ಮರದ ಕವಲು. ಹಳೆಯ ಚಿತ್ರದಲ್ಲಿ ಅವೆರಡೂ ಒಂದಕ್ಕೊಂದು ಎಷ್ಟು ಅಂತರದಲ್ಲಿವೆಯೋ ಅಷ್ಟೇ ಕಾಣುವವರೆಗೆ ಹಿಂದೆ ಮುಂದೆ, ಆಚೆ ಈಚೆ ಸರಿಯಿರಿ. ಫೋನಿನ ಸಾಮಾನ್ಯ ಲೆನ್ಸ್ ಹಳೆಯ ಕ್ಯಾಮೆರಾಗಳಿಗಿಂತ ಅಗಲವಾಗಿ ನೋಡುತ್ತದೆ. ಅದೇ ಜಾಗದಲ್ಲಿ ನಿಂತು ಎರಡು ಪಟ್ಟು ಜೂಮ್ ಇಟ್ಟರೆ ಹೊಂದುತ್ತದೆ. ಇತ್ತೀಚಿನ ಬದಲಾವಣೆಗಳಿಗೆ ಗೂಗಲ್ ಅರ್ಥ್‌ನ ಹಳೆಯ ಉಪಗ್ರಹ ಚಿತ್ರಗಳು ಒದಗುತ್ತವೆ, ಮಾಡು ಬದಲಾದದ್ದು ಅವುಗಳಲ್ಲಿ ಸ್ಪಷ್ಟ. ರಸ್ತೆಯ ಮಟ್ಟದ ಸ್ಟ್ರೀಟ್ ವ್ಯೂ ಬೆಂಗಳೂರಿಗೆ ಸಾರ್ವಜನಿಕವಾಗಿ ದೊರೆತದ್ದು 2022ರಲ್ಲಿ.

ಕಟ್ಟಡವೂ ತನ್ನ ಕಾಲ ಹೇಳುತ್ತದೆ, ಆದರೆ ಮೋಸವನ್ನೂ ಮಾಡುತ್ತದೆ. ಮಂಗಳೂರು ಹಂಚಿನ ಮೇಲೆ ಬಾಸೆಲ್ ಮಿಷನ್ ಮುದ್ರೆಯ ಜೊತೆ 1865 ಎಂದು ಅಚ್ಚಾಗಿರುವುದನ್ನು ಕಂಡು ಮನೆ 1865ರದ್ದು ಎಂದು ಬರೆದುಬಿಡುವವರಿದ್ದಾರೆ. ಅದು ಕಾರ್ಖಾನೆ ಶುರುವಾದ ವರ್ಷ, ದಶಕಗಳ ಕಾಲ ಅದೇ ಅಚ್ಚು ಹಾಕಿದರು. ‘ಕಾಮನ್‌ವೆಲ್ತ್’ ಮುದ್ರೆಯಿದ್ದರೆ ಮೊದಲ ಮಹಾಯುದ್ಧದಲ್ಲಿ ಆ ಕಾರ್ಖಾನೆಗಳು ಮಿಷನ್‌ನ ಕೈತಪ್ಪಿ ಹೋದ ನಂತರದ ಹಂಚು. ಅದೂ ಮಾಡಿನ ಕಾಲವನ್ನಷ್ಟೇ ಹೇಳುತ್ತದೆ. ಕೆಡವಿದ ಮನೆಯ ಹಂಚನ್ನು ಇನ್ನೊಂದಕ್ಕೆ ಹೊದಿಸುವುದು ಮಾಮೂಲು.

ಮಾಡಿಗಿಂತ ಒಳಗಿನ ಚಾವಣಿ ನಂಬಿಕಸ್ಥ. ತಲೆಯೆತ್ತಿದಾಗ ಒತ್ತೊತ್ತಾಗಿ ಮರದ ತೊಲೆಗಳು, ಅವುಗಳ ಮೇಲೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ ಕಂಡರೆ ಅದು ಮದ್ರಾಸ್ ತಾರಸಿ. ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಕೂರಿಸಿ ಮೇಲೆ ಇಟ್ಟಿಗೆ ಚೂರು, ಸುಣ್ಣ ಹಾಕಿ ಬಡಿದು ಗಟ್ಟಿ ಮಾಡುತ್ತಿದ್ದರು. ಕಾಂಕ್ರೀಟ್ ಚಾವಣಿ ಮನೆಮನೆಗೂ ಬರುವ ಮುಂಚಿನ ಪದ್ಧತಿ ಅದು. ಮುಂಭಾಗ ಗಾಜು, ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿದ ಎಷ್ಟೋ ಮಳಿಗೆಗಳ ಹಿಂದಿನ ಗೋದಾಮಿನಲ್ಲಿ ಈ ತೊಲೆಗಳು ಇನ್ನೂ ಇರುತ್ತವೆ. ಅಂಗಡಿಯವರನ್ನು ವಿನಯದಿಂದ ಕೇಳಿದರೆ ಬಹುತೇಕ ತೋರಿಸುತ್ತಾರೆ.

ಕಾಗದವೇ ಇಲ್ಲದವರು

ಎಂಟನೇ ಕ್ರಾಸ್ ಸುತ್ತಲಿನ ಹೂವು, ಬಾಳೆಎಲೆ, ಸೊಪ್ಪು, ಅವರೆಕಾಯಿ, ಬಳೆ ಮಾರುವವರು ಈ ರಸ್ತೆಯ ನಿಜವಾದ ಗುರುತುಗಳಲ್ಲಿ ಸೇರಿದವರು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅವರ ಬಗ್ಗೆ ಇಸಿ ಇಲ್ಲ, ಬಿಲ್ ಇಲ್ಲ, ಬೋರ್ಡಿಲ್ಲ. ಬೀದಿ ವ್ಯಾಪಾರಿಗಳ ಕಾಯ್ದೆ ಬಂದದ್ದೇ 2014ರಲ್ಲಿ. ನಮ್ಮ ಅಭಿಪ್ರಾಯದಲ್ಲಿ ದಾಖಲಿಸುವ ಕೆಲಸ ಇವರಿಂದಲೇ ಶುರುವಾಗಬೇಕು, ಏಕೆಂದರೆ ಕಟ್ಟಡದ ಕಥೆ ಮುಂದಿನ ವರ್ಷವೂ ಸಿಗುತ್ತದೆ, ಫುಟ್‌ಪಾತ್ ಕಾಮಗಾರಿ ಶುರುವಾದರೆ ಇವರು ಎಲ್ಲಿರುತ್ತಾರೋ ಗೊತ್ತಿಲ್ಲ. ಯಾರ ಅಂಗಡಿಯ ಮುಂದೆ ಕೂರುತ್ತಾರೆ, ಬೆಳಗ್ಗೆಯೋ ಸಂಜೆಯೋ, ಸರಕು ಎಲ್ಲಿಂದ ಬರುತ್ತದೆ, ಆ ಜಾಗ ಅತ್ತೆಯಿಂದ ಬಂತೋ ಅಮ್ಮನಿಂದಲೋ ಎಂದು ಕೇಳಿ. ಅವರಿಗೆ ವ್ಯಾಪಾರವಿಲ್ಲದ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಹೋಗಿ. ಹೆಸರು, ಫೋಟೊ ಪ್ರಕಟಿಸುವ ಮುನ್ನ ಒಪ್ಪಿಗೆ ಕೇಳಲೇಬೇಕು. ಜಾಗದ ವಿವರ ಹೊರಬಿದ್ದರೆ ಎಬ್ಬಿಸಿಬಿಡುತ್ತಾರೆಂಬ ಅವರ ಭಯಕ್ಕೆ ಕಾರಣಗಳಿವೆ. ಆಸ್ತಿ ಪತ್ರಗಳಲ್ಲಿ ಕಂಡ ಖಾಸಗಿಯವರ ಹೆಸರುಗಳನ್ನೂ ಹೊರಗಿಡಿ. ನಕ್ಷೆಗೆ ಬೇಕಾದ್ದು ಕಟ್ಟಡ ಮತ್ತು ಅವಧಿ ಮಾತ್ರ.

ಮುಚ್ಚಿದ ಅಂಗಡಿಯ ವಿಷಯದಲ್ಲಿ ಮೊದಲ ಒಂದೆರಡು ವರ್ಷ ಬಹಳ ಅಮೂಲ್ಯ. 1954ರಲ್ಲಿ ಶುರುವಾದ ನ್ಯೂ ಕೃಷ್ಣ ಭವನ ಹೋಟೆಲ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿದಾಗ ಪತ್ರಿಕೆಗಳಲ್ಲಿ ಬಂದದ್ದು ಹೆಚ್ಚಾಗಿ ಗಿರಾಕಿಗಳ ಪ್ರೀತಿಯ ಮಾತು. ಆ ಪ್ರೀತಿಯ ಜೊತೆಗೆ ಬರೆದಿಡಬೇಕಾದ ಸಂಗತಿಗಳು ಬೇರೆಯವೇ ಇರುತ್ತವೆ: ಬಾಗಿಲು ಎಷ್ಟು ಅಗಲ, ಎಷ್ಟು ಮೆಟ್ಟಿಲು, ಕ್ಯಾಷ್ ಕೌಂಟರ್ ಎಡಕ್ಕೋ ಬಲಕ್ಕೋ, ಕೈ ತೊಳೆಯುವ ಜಾಗ ಎಲ್ಲಿ, ಎಷ್ಟು ಮೇಜು, ಅವು ಅಮೃತಶಿಲೆಯವೋ ಗ್ರಾನೈಟಿನವೋ, ಬೆಲೆಪಟ್ಟಿಯ ಕೊನೆಯ ಫೋಟೊ ಯಾರ ಫೋನಿನಲ್ಲಿದೆ. ಅಡುಗೆಯವರು, ಸಪ್ಲೈಯರ್‌ಗಳು ಯಾವ ಊರಿಂದ ಬಂದಿದ್ದರು, ಎಲ್ಲಿ ಮಲಗುತ್ತಿದ್ದರು, ಈಗ ಯಾವ ಹೋಟೆಲಿಗೆ ಹೋಗಿದ್ದಾರೆ ಎಂಬುದೂ ಬೇಕು. ಅಂಥ ಹೋಟೆಲಿನ ಹತ್ತು ಮಂದಿ ಗಿರಾಕಿಗಳಿಗೆ ಖಾಲಿ ಹಾಳೆ ಕೊಟ್ಟು ಒಳಗಿನ ನಕ್ಷೆ ಬರೆಸಿ, ಬೇರೆ ಬೇರೆಯಾಗಿ, ಒಬ್ಬರದ್ದು ಒಬ್ಬರು ನೋಡದಂತೆ. ಏಳೆಂಟು ಮಂದಿ ಒಂದೇ ಕಡೆ ಗುರುತಿಸಿದ್ದನ್ನು ಶಾಯಿಯಲ್ಲಿ ತಿದ್ದಿ, ಉಳಿದದ್ದನ್ನು ಪೆನ್ಸಿಲ್‌ನಲ್ಲೇ ಬಿಡಿ.